ಕಾಣುವ ಹೊಗೆ, ಕಾಣದ ಅನಿಲ



ವಾಹನದಿಂದ ಕಪ್ಪು ಹೊಗೆ ಹೊರಟರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಡೀಸೆಲ್ ಎಂಜಿನ್ನಿನಿಂದ ಹೊರಬೀಳುವ ಸಾರಜನಕದ ಆಕ್ಸೈಡುಗಳು ಹಾಗೆ ಕಾಣಿಸುವುದಿಲ್ಲ. ಶ್ವಾಸಕೋಶಗಳಿಗೆ ಹಾನಿಕರವಾದ ಈ ಅನಿಲಗಳು ಬಿಸಿಲಿನಲ್ಲಿ ಓಜೋನ್ ಉತ್ಪತ್ತಿಗೂ, ದೆಹಲಿಯಂತಹ ನಗರಗಳ ಗಾಳಿಯಲ್ಲಿ ಸೂಕ್ಷ್ಮ ಕಣಗಳ ಹೆಚ್ಚಳಕ್ಕೂ ಕಾರಣವಾಗುತ್ತವೆ. ಇವುಗಳನ್ನು ಎಂಜಿನ್ನಿನ ಒಳಗೇ ತಗ್ಗಿಸುವ ಉಪಾಯವೇ ನಿಷ್ಕಾಸ ಅನಿಲದ ಮರುಪರಿಚಲನೆ.

ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೂ 21ರಷ್ಟು ಆಮ್ಲಜನಕವೂ ಇವೆ. ಸಾಮಾನ್ಯ ಉಷ್ಣತೆಯಲ್ಲಿ ಇವು ಪರಸ್ಪರ ಸಂಯೋಗ ಹೊಂದುವುದಿಲ್ಲ. ಸಿಲಿಂಡರಿನೊಳಗಿನ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಈ ಸಂಯೋಗ ತೀವ್ರಗೊಳ್ಳುತ್ತದೆ. ಆದುದರಿಂದ ಹೊರಹೋಗುವ ಅನಿಲದ ಒಂದು ಭಾಗವನ್ನು ತಂಪುಗೊಳಿಸಿ, ಕವಾಟವೊಂದರ ಮೂಲಕ ಹೊಸ ಗಾಳಿಯೊಡನೆ ಬೆರೆಸಿ, ಮತ್ತೆ ಸಿಲಿಂಡರಿಗೆ ಕಳುಹಿಸಲಾಗುತ್ತದೆ. ಇದರಿಂದ ಆಮ್ಲಜನಕದ ಪ್ರಮಾಣ ಕುಗ್ಗುತ್ತದೆ. ಅನಿಲದಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಹೀರಿಕೊಳ್ಳುತ್ತವೆ. ದಹನದ ಉಷ್ಣತೆ ಇಳಿಯುತ್ತದೆ.

ಆದರೆ ಈ ಉಪಾಯಕ್ಕೆ ಮಿತಿಯುಂಟು. ಮರಳಿಸಿದ ಅನಿಲ ಹೆಚ್ಚಾದರೆ ಇಂಧನ ಪೂರ್ಣವಾಗಿ ಉರಿಯದೆ ಮಸಿ ಹುಟ್ಟುತ್ತದೆ. ಕಡಿಮೆಯಾದರೆ ಸಾರಜನಕದ ಆಕ್ಸೈಡುಗಳು ಏರುತ್ತವೆ. ಎಷ್ಟು ಮರಳಿಸಬೇಕೆಂಬುದನ್ನು ಎಂಜಿನ್ನಿನ ಹೊರೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ನಿರ್ಧರಿಸಬೇಕಾಗುತ್ತದೆ. ಇಲ್ಲಿ ಗಣಿತದ ಮಾದರಿ ನೆರವಿಗೆ ಬರುತ್ತದೆ. ಒತ್ತಡ, ಉಷ್ಣತೆ ಮತ್ತು ವೇಗದಿಂದ ಸಿಲಿಂಡರುಗಳು ಸೆಳೆಯುವ ಒಟ್ಟು ಅನಿಲವನ್ನು ಲೆಕ್ಕ ಹಾಕಬಹುದು. ಉದಾಹರಣೆಗೆ, ಅದು ಗಂಟೆಗೆ 200 ಕಿಲೋಗ್ರಾಂ ಆಗಿದ್ದು, ಸಂವೇದಕವು ಅಳೆದ ಹೊಸ ಗಾಳಿ 150 ಕಿಲೋಗ್ರಾಂ ಆಗಿದ್ದರೆ, ಉಳಿದ 50 ಕಿಲೋಗ್ರಾಂ, ಅಂದರೆ ಶೇಕಡಾ 25, ಮರಳಿ ಬಂದ ಅನಿಲವೆಂದು ತಿಳಿಯುತ್ತದೆ.

ವೇಗ ಹೆಚ್ಚಿಸುವಾಗ ಲೆಕ್ಕ ಇಷ್ಟು ಸರಳವಲ್ಲ. ಚಾಲಕನು ಪೆಡಲ್ ಒತ್ತಿದೊಡನೆ ಇಂಧನ ಹೆಚ್ಚುತ್ತದೆ; ಆದರೆ ಟರ್ಬೋಚಾರ್ಜರ್ ವೇಗ ಪಡೆಯಲು ಕಾಲ ಬೇಕು, ಕೊಳವೆಯಲ್ಲಿ ಹಳೆಯ ಅನಿಲವೂ ಉಳಿದಿರುತ್ತದೆ. ಆಗಲೇ ಕಪ್ಪು ಹೊಗೆ ಹೊರಡುವುದು. ಉತ್ತಮ ನಿಯಂತ್ರಕವು ಇದನ್ನು ಮುಂಚಿತವಾಗಿಯೇ ಅಂದಾಜು ಮಾಡಿ, ಕವಾಟವನ್ನು ಮುಚ್ಚಿ, ಲಭ್ಯವಿರುವ ಆಮ್ಲಜನಕಕ್ಕೆ ತಕ್ಕಷ್ಟೇ ಇಂಧನವನ್ನು ಬಿಡುತ್ತದೆ.

ಈ ನಿಯಂತ್ರಣವು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲದೆ ರಸ್ತೆಯಲ್ಲಿಯೂ ನಡೆಯಬೇಕು. ಕೆಲವು ಡೀಸೆಲ್ ಕಾರುಗಳ ತಂತ್ರಾಂಶವು ಪರೀಕ್ಷೆಯ ವೇಳೆಯಲ್ಲಷ್ಟೇ ಮಾಲಿನ್ಯ ನಿಯಂತ್ರಣವನ್ನು ಪೂರ್ಣವಾಗಿ ನಡೆಸುತ್ತಿತ್ತೆಂಬುದು 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವು ಡೀಸೆಲ್ ಕಾರುಗಳ ಸಾರಜನಕದ ಆಕ್ಸೈಡುಗಳ ಮಿತಿಯನ್ನು ಕಿಲೋಮೀಟರಿಗೆ 250ರಿಂದ 80 ಮಿಲಿಗ್ರಾಂಗೆ ಇಳಿಸಿತು. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ಹೊರಸೂಸುವಿಕೆಗೂ ನಿಯಮ ಅನ್ವಯವಾಗಿದೆ.

ಆದರೂ ಒಂದು ಹೊಣೆ ವಾಹನದ ಮಾಲೀಕರಲ್ಲಿಯೇ ಉಳಿಯುತ್ತದೆ. ಮಸಿ ಕಟ್ಟಿ ಕವಾಟ ಸಿಕ್ಕಿಕೊಂಡಾಗ, ಅದನ್ನು ಶಾಶ್ವತವಾಗಿ ಮುಚ್ಚಿಬಿಡುವ ಸಲಹೆ ಕೆಲವೆಡೆ ದೊರೆಯುವುದುಂಟು. ಹಾಗೆ ಮಾಡಿದರೆ ಹೊಗೆ ಕಡಿಮೆಯಾದಂತೆ ತೋರಬಹುದು. ಮಾಲಿನ್ಯ ಪ್ರಮಾಣಪತ್ರಕ್ಕಾಗಿ ನಡೆಸುವ ಪರೀಕ್ಷೆಯಲ್ಲಿ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನು ಅಳೆಯುತ್ತಾರೆಯೇ ಹೊರತು ಸಾರಜನಕದ ಆಕ್ಸೈಡುಗಳನ್ನಲ್ಲ. ಹೀಗಾಗಿ ಪ್ರಮಾಣಪತ್ರ ಕೈಯಲ್ಲಿದ್ದರೂ ಕಾಣದ ವಿಷಾನಿಲ ಹೆಚ್ಚುತ್ತಲೇ ಇರುತ್ತದೆ. ಆದ್ದರಿಂದ ಕವಾಟವನ್ನು ಶುಚಿಗೊಳಿಸಿ, ಅಗತ್ಯವಿದ್ದರೆ ಬದಲಾಯಿಸಿ. ಎಂಜಿನ್ನಿನ ಎಚ್ಚರಿಕೆ ದೀಪ ಹೊತ್ತಿಕೊಂಡಾಗ ಉದಾಸೀನ ಮಾಡದಿರಿ. ನಾವೂ ನಮ್ಮ ಮಕ್ಕಳೂ ಉಸಿರಾಡುವುದು ಅದೇ ರಸ್ತೆಯ ಗಾಳಿಯನ್ನು.