ನಾಳೆಯನ್ನು ಆಡಿ ನೋಡುವುದು: ರಂಗಭೂಮಿ, ಮಿದುಳು ಮತ್ತು ಸಂಸ್ಥೆಗಳ ಯೋಜನೆ



ಸಂಸ್ಥೆಗಳು ತಮ್ಮ ಮುಂದಿನ ಐದು ವರ್ಷಗಳನ್ನು ಯೋಜಿಸುವಾಗ ರಂಗಭೂಮಿಯಿಂದಲೂ ನರವಿಜ್ಞಾನದಿಂದಲೂ ಏನನ್ನಾದರೂ ಕಲಿಯಬಹುದೇ ಎಂಬುದು ಇಂದಿನ ವಿಷಯ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ದೂರದ ಲೋಕಗಳು. ಆದರೆ ಕಾರ್ಪೊರೇಟ್ ತರಬೇತಿಯ ಮಾರುಕಟ್ಟೆಯಲ್ಲಿ ಇವು ಈಗಾಗಲೇ ಕೈಜೋಡಿಸಿವೆ. ನಟರನ್ನು ಕರೆಸಿ ಮ್ಯಾನೇಜರುಗಳಿಗೆ ಅಭಿನಯ ಕಲಿಸುವುದು, ಸ್ಲೈಡುಗಳಲ್ಲಿ ಬಣ್ಣಬಣ್ಣದ ಮಿದುಳಿನ ಚಿತ್ರ ತೋರಿಸುವುದು ಅಲ್ಲಿ ಮಾಮೂಲಿ. ಆ ಮಾರುಕಟ್ಟೆಗೆ ಇನ್ನೊಂದು ಸರಕನ್ನು ಸೇರಿಸುವ ಉದ್ದೇಶ ನನಗಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಯೋಜನೆ ಎನ್ನುವುದು ನಾಳೆಯನ್ನು ಕಲ್ಪಿಸಿಕೊಳ್ಳುವ ಕೆಲಸ, ಆ ಕಲ್ಪನೆಗೆ ಬೇಕಾದ ಸಾಮಗ್ರಿ ನೆನಪಿನಿಂದ ಬರುತ್ತದೆ, ಆದ್ದರಿಂದ ಯಾರ ನೆನಪಿಗೆ ಸಭೆಯಲ್ಲಿ ಜಾಗವಿಲ್ಲವೋ ಅವರ ನಾಳೆಗೂ ಯೋಜನೆಯಲ್ಲಿ ಜಾಗವಿರುವುದಿಲ್ಲ.

ಮೊದಲು ಮಿದುಳಿನ ಮಾತು. ಮಿದುಳಿನ ಎರಡೂ ಪಾರ್ಶ್ವಗಳಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಅದು ಹಾನಿಗೊಂಡವರು ಹೊಸ ಅನುಭವಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರರು ಎಂಬುದು 1950ರ ದಶಕದಿಂದಲೇ ತಿಳಿದಿತ್ತು. 2007ರಲ್ಲಿ ಲಂಡನ್ನಿನ ಡೆಮಿಸ್ ಹಸಾಬಿಸ್, ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು ಇಂಥ 5 ಮಂದಿಗೆ ಬೇರೆಯೇ ಬಗೆಯ ಪ್ರಶ್ನೆ ಕೇಳಿದರು. ನಡೆದದ್ದನ್ನು ಹೇಳಿ ಎನ್ನಲಿಲ್ಲ. ನಡೆಯದೇ ಇರುವುದನ್ನು ಕಲ್ಪಿಸಿಕೊಳ್ಳಿ ಎಂದರು. ನೀವೊಂದು ಸುಂದರ ಕಡಲ ತೀರದಲ್ಲಿ ಮಲಗಿದ್ದೀರಿ, ಸುತ್ತ ಏನೇನಿದೆ, ವರ್ಣಿಸಿ. ಉಳಿದವರಿಗೆ ಸುಲಭವಾದ ಈ ಕೆಲಸ ಅವರಲ್ಲಿ ಹೆಚ್ಚಿನವರಿಗೆ ಕಷ್ಟವಾಯಿತು. ಬಿಡಿಬಿಡಿ ಚೂರುಗಳು ಸಿಕ್ಕವೇ ಹೊರತು ಒಂದು ಇಡಿಯಾದ ದೃಶ್ಯ ಕೂಡಿಬರಲಿಲ್ಲ. ನಿನ್ನೆಯನ್ನು ನೆನೆಯುವಾಗಲೂ ನಾಳೆಯನ್ನು ಊಹಿಸುವಾಗಲೂ ಮಿದುಳಿನ ಬಹುಪಾಲು ಅದೇ ಭಾಗಗಳು ಕೆಲಸ ಮಾಡುತ್ತವೆ ಎಂಬುದನ್ನು ಮಿದುಳಿನ ಸ್ಕ್ಯಾನಿಂಗ್ ಅಧ್ಯಯನಗಳೂ ತೋರಿಸಿದವು. ಹಿಪೊಕ್ಯಾಂಪಸ್ಸಿನ ಪಾತ್ರ ನಿಖರವಾಗಿ ಎಷ್ಟು ಎಂಬ ಚರ್ಚೆ ಇನ್ನೂ ಇದೆ. ಆದರೆ ಕಲ್ಪನೆಗೂ ನೆನಪಿಗೂ ಇರುವ ನಂಟು ಗಟ್ಟಿಯಾದದ್ದು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ನೆನಪು ಇದ್ದರೂ ನಾವು ಅದನ್ನು ಬಳಸುವುದಿಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕಾದೀತೆಂದು ಕೇಳಿದರು. ಅವರ ಅಂದಾಜು ಸರಾಸರಿ 34 ದಿನ. ಹಿಡಿದದ್ದು 55 ದಿನಕ್ಕೂ ಹೆಚ್ಚು. ಹಿಂದಿನ ಕೆಲಸಗಳೂ ತಡವಾಗಿದ್ದವು ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಯೋಜನೆ ಮಾಡುವ ಹೊತ್ತಿನಲ್ಲಿ ಆ ಅನುಭವ ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ. ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದ್ದರು. ಒಬ್ಬ ವಿದ್ಯಾರ್ಥಿ ತನ್ನದೇ ಅನುಭವವನ್ನು ಬದಿಗಿಡಬಲ್ಲನಾದರೆ, ಆಡಳಿತ ಮಂಡಳಿಯೊಂದು ಕೆಳಗಿನವರ ಅನುಭವವನ್ನು ಬದಿಗಿಡುವುದು ಎಷ್ಟು ಸುಲಭ!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಿದುಳಿನ ಹೆಸರು ಕೇಳಿದೊಡನೆ ನಾವು ತಲೆಬಾಗುತ್ತೇವೆ. 2008ರಲ್ಲಿ ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಹುರುಳಿಲ್ಲದ ವಿವರಣೆಗೆ ಸಂಬಂಧವೇ ಇಲ್ಲದ ನರವಿಜ್ಞಾನದ ಒಂದು ವಾಕ್ಯ ಸೇರಿಸಿದರೆ ಸಾಮಾನ್ಯ ಓದುಗರಿಗೆ ಅದು ಹೆಚ್ಚು ಒಪ್ಪಿಗೆಯಾಗುತ್ತದೆ. ಇಟಲಿಯ ಪಾರ್ಮಾದಲ್ಲಿ ಕೋತಿಗಳ ಮಿದುಳಿನಲ್ಲಿ ಕಂಡ ‘ಕನ್ನಡಿ ನರಕೋಶ’ಗಳನ್ನು ಹಿಡಿದುಕೊಂಡು, ನಾಟಕ ನೋಡಿದರೆ ಸಹಾನುಭೂತಿ ತಾನಾಗಿ ಹುಟ್ಟುತ್ತದೆ ಎಂದು ಮಾರುವವರಿದ್ದಾರೆ. ವಿಜ್ಞಾನ ಅಷ್ಟನ್ನು ಹೇಳಿಲ್ಲ. ನಾಟಕ ನೋಡಿ ಕಣ್ಣೀರಿಟ್ಟ ಮಾಲೀಕ ಮರುದಿನ ಕೂಲಿ ಹೆಚ್ಚಿಸುತ್ತಾನೆಂದು ನಂಬಲು ಯಾವ ನರಕೋಶವೂ ಆಧಾರವಲ್ಲ.

ಹಾಗಾದರೆ ರಂಗಭೂಮಿ ಏನು ಮಾಡಬಲ್ಲದು? ಇದಕ್ಕೆ ಬ್ರೆಜಿಲ್ಲಿನ ಅಗಸ್ಟೋ ಬೋಲ್ ಅವರ ಕೆಲಸವನ್ನು ನೋಡಬೇಕು. ಸರ್ವಾಧಿಕಾರದ ಕಾಲದಲ್ಲಿ, 1971ರಲ್ಲಿ, ಅವರನ್ನು ಬಂಧಿಸಿ ಹಿಂಸಿಸಲಾಯಿತು. ಬಳಿಕ ದೀರ್ಘಕಾಲ ದೇಶಭ್ರಷ್ಟರಾಗಿ ಬದುಕಿದರು. ಆ ಅವಧಿಯಲ್ಲಿ ಅವರು ರೂಪಿಸಿದ್ದು ದಮನಿತರ ರಂಗಭೂಮಿ. ಅದರ ಒಂದು ಬಗೆಯಾದ ಫೋರಂ ರಂಗಭೂಮಿಯ ವಿಧಾನ ಸರಳ. ಜನರ ಬದುಕಿನ ಒಂದು ಅನ್ಯಾಯವನ್ನು ಕಿರುನಾಟಕವಾಗಿ ಆಡುತ್ತಾರೆ. ಅದು ಸೋಲಿನಲ್ಲಿ ಮುಗಿಯುತ್ತದೆ. ಮತ್ತೆ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ರಂಗಕ್ಕೆ ಬಂದು, ಸೋತವನ ಜಾಗದಲ್ಲಿ ನಿಂತು ಬೇರೆ ದಾರಿಯನ್ನು ಆಡಿ ತೋರಿಸಬಹುದು. ಜೋಕರ್ ಎಂಬ ನಿರ್ವಾಹಕ ಸಭೆಯನ್ನು ಕೇಳುತ್ತಾನೆ: ಇದು ನಿಜವಾಗಿ ಸಾಧ್ಯವೇ? 1975ರಲ್ಲಿ ಹುಟ್ಟಿದ ನಮ್ಮ ‘ಸಮುದಾಯ’ದ ಬೀದಿನಾಟಕಗಳನ್ನು ಕಂಡವರಿಗೆ ನಾಟಕ ಸಭಾಂಗಣದಿಂದ ಹೊರಬರುವುದು ಹೊಸತಲ್ಲ. ಬೋಲ್ ಸೇರಿಸಿದ್ದು ಕಥೆಯನ್ನು ತಿದ್ದುವ ಹಕ್ಕನ್ನು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ‘ಜನ ಸಂಸ್ಕೃತಿ’ ತಂಡ ದಶಕಗಳಿಂದ ಈ ಕ್ರಮವನ್ನು ನಡೆಸಿಕೊಂಡು ಬಂದಿದೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮುಂದಿನ ಘಟ್ಟ. 1992ರಲ್ಲಿ ಬೋಲ್ ಕಾರ್ಮಿಕರ ಪಕ್ಷದಿಂದ ರಿಯೊ ಡಿ ಜನೈರೊ ನಗರಸಭೆಗೆ ಆಯ್ಕೆಯಾದರು. ತಮ್ಮ ಕಚೇರಿಯ ಸಿಬ್ಬಂದಿಯಾಗಿ ರಂಗಕರ್ಮಿಗಳನ್ನೇ ಸೇರಿಸಿಕೊಂಡರು. ನಗರದ ಬೇರೆ ಬೇರೆ ಸಮುದಾಯಗಳಲ್ಲಿ ನಾಟಕದ ಗುಂಪುಗಳು ಹುಟ್ಟಿದವು. ಪ್ರೇಕ್ಷಕರು ರಂಗದ ಮೇಲೆ ಸೂಚಿಸಿದ್ದನ್ನೆಲ್ಲ ಬರೆದಿಟ್ಟು, ಕಾನೂನು ಬಲ್ಲವರು ಅವನ್ನು ಮಸೂದೆಗಳಾಗಿ ರೂಪಿಸಿದರು. 1993ರಿಂದ 1996ರವರೆಗಿನ ಒಂದೇ ಅವಧಿಯಲ್ಲಿ ಹೀಗೆ 13 ಕಾನೂನುಗಳು ಜಾರಿಯಾದವು. ನಗರಸಭೆಯ ಆಸ್ಪತ್ರೆಗಳಲ್ಲಿ ವೃದ್ಧರ ಕಾಯಿಲೆಗಳಿಗೆ ತಜ್ಞರಿರಬೇಕೆಂಬುದು, ಅಪರಾಧಗಳ ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕೆಂಬುದು ಅವುಗಳಲ್ಲಿ ಸೇರಿದ್ದವು. ಬೋಲ್ ಇದನ್ನು ಶಾಸನ ರಂಗಭೂಮಿ ಎಂದು ಕರೆದರು. ಇಲ್ಲಿ ನಾಟಕಕ್ಕೆ ಬಲ ಬಂದದ್ದು ಅದರ ಇನ್ನೊಂದು ತುದಿಯಲ್ಲಿ ಕಾನೂನು ಮಾಡುವ ಅಧಿಕಾರ ಇದ್ದುದರಿಂದ.

ಆ ತುದಿಯನ್ನು ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾರ್ಪೊರೇಟ್ ಕಾರ್ಯಾಗಾರಗಳೇ ಉತ್ತರ. ದಮನಿತರಿಗಾಗಿ ಹುಟ್ಟಿದ ಆಟಗಳನ್ನೇ ಅಲ್ಲಿ ಆಡಿಸುತ್ತಾರೆ. ಆದರೆ ಎಷ್ಟು ಜನರನ್ನು ಕೆಲಸದಿಂದ ತೆಗೆಯಬೇಕೆಂಬ ನಿರ್ಧಾರ ಮೊದಲೇ ಆಗಿರಬಹುದು. ಆಗ ನಾಟಕ ಸಿಟ್ಟನ್ನು ಹೊರಹಾಕಿಸಿ ತಣ್ಣಗಾಗಿಸುವ ಉಪಾಯವಷ್ಟೇ. ಆದ್ದರಿಂದ ಯಾವ ಸಂಸ್ಥೆ ಈ ವಿಧಾನವನ್ನು ಬಳಸಿದರೂ ನಾವು ಮೂರು ಪ್ರಶ್ನೆ ಕೇಳಬೇಕು. ಕಥೆಯನ್ನು ಆರಿಸಿದವರು ಯಾರು? ‘ನಿಲ್ಲಿಸಿ’ ಎಂದವರು ಮರುದಿನ ಸುರಕ್ಷಿತರೇ? ರಂಗದ ಮೇಲೆ ಮೂಡಿದ ಸೂಚನೆಗೆ ಲಿಖಿತ ಉತ್ತರ ಕೊಡಲು ಯಾರು ಬದ್ಧರು?

ಈ ಪ್ರಶ್ನೆಗಳನ್ನು ನಮ್ಮ ಕನ್ನಡ ಸಂಘಗಳಿಗೂ ಕೇಳಿಕೊಳ್ಳೋಣ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಕೊಲ್ಲಿ ರಾಷ್ಟ್ರವೊಂದರ ಸಂಘ ತನ್ನ ಯೋಜನೆಯಲ್ಲಿ ‘ಸಂಕಷ್ಟದಲ್ಲಿರುವ ಕಾರ್ಮಿಕರಿಗೆ ಸಹಾಯವಾಣಿ’ ಎಂದು ಬರೆದಿದೆ. ಓದಲು ಚೆನ್ನಾಗಿದೆ, ಸಭೆ ಕೈತಟ್ಟಿ ಅಂಗೀಕರಿಸುತ್ತದೆ. ಈಗ ಅದನ್ನೇ ಹತ್ತು ನಿಮಿಷ ಆಡಿ ನೋಡಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಂಡಿರುವ ಕಟ್ಟಡ ಕಾರ್ಮಿಕನೊಬ್ಬ ಫೋನ್ ಮಾಡುತ್ತಾನೆ. ಅತ್ತ ಕುಳಿತ ಸ್ವಯಂಸೇವಕ, ‘ಸರ್, ನಿಮ್ಮ ಸದಸ್ಯತ್ವ ಸಂಖ್ಯೆ ಹೇಳಿ’ ಎನ್ನುತ್ತಾನೆ. ಕ್ಯಾಂಪಿನಲ್ಲಿ ಬದುಕಿದ ಒಬ್ಬರಾದರೂ ಸಭೆಯಲ್ಲಿದ್ದರೆ ಅಲ್ಲಿಯೇ ನಿಲ್ಲಿಸುತ್ತಾರೆ: ‘ಅಣ್ಣಾ, ಅವನು ಸಂಘದ ಹೆಸರೇ ಕೇಳಿಲ್ಲ. ಕೆಲಸ ಮುಗಿಸಿ ಬಸ್ಸಿಳಿದು ಅಡುಗೆ ಮಾಡಿಕೊಳ್ಳುವಾಗ ರಾತ್ರಿ ಹತ್ತಾಗಿರುತ್ತೆ. ಆಗ ನಿಮ್ಮ ಫೋನ್ ಎತ್ತೋರು ಯಾರು? ಒಂದೇ ಕೋಣೆಯಲ್ಲಿ ಎಂಟು ಜನರ ನಡುವೆ ಅವನು ಜೋರಾಗಿ ದೂರು ಹೇಳೋದಾದರೂ ಹೇಗೆ?’ ಮೂರು ಮಾತಿನಲ್ಲಿ ಯೋಜನೆಯ ಮೂರು ಲೋಪಗಳು ಹೊರಬಂದವು. ಯಾವ ಸಮೀಕ್ಷೆಯ ಪ್ರಶ್ನಾವಳಿಯಲ್ಲೂ ಇವಕ್ಕೆ ಕಾಲಂ ಇರುವುದಿಲ್ಲ. ಏಕೆಂದರೆ ಪ್ರಶ್ನಾವಳಿ ಬರೆದವರಿಗೆ ಆ ಕೋಣೆಯ ನೆನಪಿಲ್ಲ.

ನಮ್ಮ ಸಂಘಗಳ ಪದಾಧಿಕಾರಿಗಳು ಬಹುಮಟ್ಟಿಗೆ ನೆಲೆಯೂರಿದ ಎಂಜಿನಿಯರುಗಳು, ವೈದ್ಯರು, ವ್ಯಾಪಾರಿಗಳು. ಅವಲಂಬಿತ ವೀಸಾದಲ್ಲಿ ಬಂದು ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು, ಸಾಲ ಮಾಡಿ ಬಂದ ವಿದ್ಯಾರ್ಥಿಗಳು, ಜಾತಿಯ ಕಾರಣಕ್ಕೆ ಸಂಘದಿಂದ ದೂರ ಉಳಿದವರು ಯೋಜನೆಯಲ್ಲಿ ‘ಫಲಾನುಭವಿ’ಗಳಾಗಿ ಬರುತ್ತಾರೆಯೇ ಹೊರತು ನಾಳೆಯನ್ನು ಕಲ್ಪಿಸುವವರಾಗಿ ಬರುವುದಿಲ್ಲ. ಅವರನ್ನು ಭಾಷಣ ಮಾಡಲು ಕರೆದರೆ ಹಿಂಜರಿಯಬಹುದು. ‘ಆ ದಿನ ಏನಾಯಿತು, ಆಡಿ ತೋರಿಸಿ’ ಎಂದರೆ ಅನೇಕರು ಎದ್ದು ಬರುತ್ತಾರೆ. ನಿರ್ಣಯದ ಭಾಷೆ ಬಾರದವರಿಗೂ ತಮ್ಮ ಬದುಕಿನ ದೃಶ್ಯ ಗೊತ್ತಿರುತ್ತದೆ.

ನನ್ನದು ಒಂದು ಸಣ್ಣ ಪ್ರಸ್ತಾವ. ನಾಟಕವನ್ನು ನಾವು ರಾಜ್ಯೋತ್ಸವದ ಸಂಜೆಗೂ ಲೆಕ್ಕಪತ್ರವನ್ನು ಸರ್ವಸದಸ್ಯರ ಸಭೆಯ ಬೆಳಗ್ಗೆಗೂ ಹಂಚಿಟ್ಟಿದ್ದೇವೆ. ಈ ವರ್ಷ ಒಂದು ಕಿರುನಾಟಕವನ್ನು ಬೆಳಗಿನ ಸಭೆಗೆ ತನ್ನಿ. ಬಜೆಟ್ ಮಂಡಿಸುವ ಮೊದಲೇ ಅದನ್ನು ಆಡಿಸಿ. ತಡೆದು ತಿದ್ದಿದ ಪ್ರತಿಯೊಂದು ಮಾತನ್ನೂ ನಡಾವಳಿಯಲ್ಲಿ ದಾಖಲಿಸಿ, ಒಪ್ಪಿದ್ದಕ್ಕೆ ಹಣ ಗೊತ್ತುಮಾಡಿ, ಒಪ್ಪದ್ದಕ್ಕೆ ಕಾರಣ ಬರೆಯಿರಿ. ಹೀಗೆ ಮಾಡಲು ಮಿದುಳಿನ ಚಿತ್ರವಾಗಲಿ ಸಲಹೆಗಾರರ ಶುಲ್ಕವಾಗಲಿ ಬೇಕಾಗುವುದಿಲ್ಲ. ಅಧಿಕಾರದಲ್ಲಿರುವವರು ಹತ್ತು ನಿಮಿಷ ಪ್ರೇಕ್ಷಕರಾಗಿ ಕುಳಿತರೆ ಸಾಕು.

 ಇನ್ನು ಪ್ರಶ್ನೆಗಳಿಗೆ ಹೋಗೋಣ.