ಹೊಸ ತೊಟ್ಟಿಯ ಬಂಗಾರದ ಮೀನು

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಂಗಾರದ ಮೀನು ಸಾಕುವ ಹವ್ಯಾಸ ದೊಡ್ಡ ಪಟ್ಟಣಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿಯೂ, ಕಾಡಿನ ನಡುವಿನ ಜೋಯಿಡಾದಲ್ಲಿಯೂ ಮಕ್ಕಳ ಹಟಕ್ಕೆ ಸೋತ ಹಿರಿಯರು, ಹುಬ್ಬಳ್ಳಿಗೋ ಧಾರವಾಡಕ್ಕೋ ಹೋದಾಗ ನೀರು ತುಂಬಿದ ಚೀಲದಲ್ಲಿ ಒಂದೆರಡು ಮೀನುಗಳನ್ನು ತರುವುದುಂಟು. ಎರಡು ಮೂರು ದಿನ ಮನೆಯಲ್ಲಿ ಹಬ್ಬವೇ ಹಬ್ಬ. ನಾಲ್ಕನೆಯದೋ ಐದನೆಯದೋ ದಿನ ಮೀನು ಮಂಕಾಗುತ್ತದೆ. ಹಾಕಿದ ಆಹಾರವನ್ನು ಮುಟ್ಟುವುದಿಲ್ಲ. ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತದೆ. ಎರಡು ವಾರ ಕಳೆಯುವುದರೊಳಗೆ ತೊಟ್ಟಿ ಬರಿದಾಗಿರುತ್ತದೆ. ಮಗು ಯಾಕೆಂದು ಕೇಳಿದರೆ, "ಅದರ ಆಯುಷ್ಯ ಅಷ್ಟೇ ಇತ್ತು" ಎಂದು ಹೇಳಿ ನಾವು ಸುಮ್ಮನಾಗುತ್ತೇವೆ.

ಈ ಉತ್ತರ ನಿಜವಲ್ಲ. ಬಂಗಾರದ ಮೀನು ಚೆನ್ನಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕತಕ್ಕ ಪ್ರಾಣಿ. ಚೀನದೇಶದವರು ಸಾವಿರ ವರ್ಷಗಳಿಗೂ ಹಿಂದಿನಿಂದ ಆಯ್ದು ಆಯ್ದು ಸಾಕಿದ ಗಟ್ಟಿ ತಳಿ ಅದು. ನಮ್ಮ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು ಮೀನುಗಳ ಕುಲಕ್ಕೇ ಸೇರಿದ್ದು. ಹೊಸ ತೊಟ್ಟಿಯಲ್ಲಿ ಅದು ಬಾಡಿದಾಗ ಬಹುಮಟ್ಟಿಗೆ ರೋಗ ಇರುವುದು ಮೀನಿನಲ್ಲಿ ಅಲ್ಲ, ನೀರಿನಲ್ಲಿ. ಆದುದರಿಂದ ಮೊದಲು ಉಪಚಾರವಾಗಬೇಕಾದುದು ನೀರಿಗೆ. ಇದೊಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲ ಸುಲಭ.

"ನೀರು ಸ್ಫಟಿಕದಂತೆ ತಿಳಿಯಾಗಿದೆಯಲ್ಲ!" ಎಂದು ನೀವು ಕೇಳಬಹುದು. ಆದರೆ ತಿಳಿ ನೀರೆಲ್ಲ ಒಳ್ಳೆಯ ನೀರಲ್ಲ. ಮೀನು ತಾನು ತಿಂದ ಆಹಾರದ ಕಲ್ಮಶವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಗೆ ಬಿಡುತ್ತದೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಈ ಅಮೋನಿಯಾದ್ದೇ. ನೀರಿನಲ್ಲಿ ಬೆರೆತಾಗ ಅದು ಕಣ್ಣಿಗೆ ಕಾಣುವುದಿಲ್ಲ; ಸ್ವಲ್ಪವಿದ್ದರೆ ಮೂಗಿಗೂ ತಿಳಿಯುವುದಿಲ್ಲ. ಆದರೆ ಮೀನಿನ ಕಿವಿರುಗಳನ್ನು ಸುಡಲು ಅಷ್ಟೇ ಸಾಕು.

ಹಾಗಾದರೆ ಕೆರೆ ಬಾವಿಗಳಲ್ಲಿ ಮೀನುಗಳು ಹೇಗೆ ಬದುಕುತ್ತವೆ? ಮುಂಡಗೋಡ ತಾಲೂಕಿನ ಅತ್ತಿವೇರಿಯ ಜಲಾಶಯವನ್ನು ನೋಡಿ. ಅಲ್ಲಿ ಮೀನುಗಳಿರುವುದಲ್ಲದೆ ಹಕ್ಕಿಗಳ ಹಿಂಡೂ ಬಂದಿಳಿಯುತ್ತದೆ. ಅವೆಲ್ಲವುಗಳ ಹೊಲಸೂ ನೀರಿಗೇ ಬೀಳುತ್ತದೆ. ಆದರೂ ಅಲ್ಲಿ ಯಾರೂ ನೀರು ಬದಲಿಸುವುದಿಲ್ಲ. ಏಕೆಂದರೆ ಅಲ್ಲಿಯ ಮಣ್ಣು, ಕಲ್ಲು, ಜೊಂಡುಗಳ ಮೈಮೇಲೆ ಕಣ್ಣಿಗೆ ಕಾಣದ ಜೀವಾಣುಗಳು ಕೋಟಿಗಟ್ಟಲೆ ನೆಲೆಸಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಎಂಬ ಪದಾರ್ಥವಾಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಇಲ್ಲದಂತೆ ಮಾಡುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಹೆಚ್ಚು ಅಪಾಯಕಾರಿಯಲ್ಲ. ಅದು ಗಿಡಗಳಿಗೆ ಗೊಬ್ಬರವಾಗುತ್ತದೆ. ಪ್ರಕೃತಿಯ ಈ ಕಾರ್ಯವನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿನಲ್ಲಿ ಸ್ಪಷ್ಟಪಡಿಸಿದರು.

ನಿನ್ನೆ ಮೊನ್ನೆ ತಂದಿಟ್ಟ ಗಾಜಿನ ತೊಟ್ಟಿಯಲ್ಲಿ ಈ ಜೀವಾಣುಗಳು ಇನ್ನೂ ಇರುವುದಿಲ್ಲ. ಅವು ತಾವಾಗಿಯೇ ಬಂದು ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಮೀನನ್ನು ಮೊದಲ ದಿನವೇ ಬಿಟ್ಟು ಎಲ್ಲ ಸರಿಯಾಗಿರಲಿ ಎನ್ನುವುದು, ಹಾಲಿಗೆ ಹೆಪ್ಪು ಹಾಕದೆ ಮೊಸರು ಬೇಡಿದಂತೆ. ಹೆಪ್ಪಿನ ಮಾತು ಇಲ್ಲಿ ಅಲಂಕಾರಕ್ಕೆ ಹೇಳಿದ್ದಲ್ಲ. ನಿಮ್ಮ ನೆರೆಹೊರೆಯಲ್ಲಿ ವರ್ಷದಿಂದ ಮೀನು ಸಾಕಿದವರು ಯಾರಾದರೂ ಇದ್ದರೆ, ಅವರ ತೊಟ್ಟಿಯ ಸೋಸುಯಂತ್ರದ ಸ್ಪಂಜಿನ ಒಂದು ತುಂಡನ್ನು, ಹಿಂಡದೆ, ಒಣಗಿಸದೆ, ಅದೇ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ತೊಟ್ಟಿಯಲ್ಲಿಡಿ. ಅದೇ ಹೆಪ್ಪು. ಆರು ವಾರದ ಕೆಲಸ ಬಹಳ ಬೇಗ ಮುಗಿಯುತ್ತದೆ. ಆದರೆ ಅವರ ಮೀನುಗಳು ಆರೋಗ್ಯವಾಗಿವೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಈಗ, ಮೀನು ಈಗಾಗಲೇ ಬಾಡಿದೆ ಎಂದು ಭಾವಿಸೋಣ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕುಳಿತಿದೆ, ಅಥವಾ ಮೇಲೆ ಬಂದು ಏದುತ್ತಿದೆ. ಬಾಲದಲ್ಲಿ ಕೆಂಪು ಗೆರೆಗಳು ಮೂಡಿವೆ. ಆಗ ಏನು ಮಾಡತಕ್ಕದ್ದು?

ಮೊದಲನೆಯದಾಗಿ, ಆಹಾರವನ್ನು ನಿಲ್ಲಿಸಿ. ಎರಡು ದಿನ ಉಪವಾಸವಿದ್ದರೆ ಬಂಗಾರದ ಮೀನಿಗೆ ಏನೂ ಆಗುವುದಿಲ್ಲ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತು ಇನ್ನಷ್ಟು ಅಮೋನಿಯಾ ಆಗುತ್ತದೆ. ಅದನ್ನು ಸಣ್ಣ ಕೊಳವೆಯಿಂದ ಎಳೆದು ತೆಗೆಯಿರಿ.

ಎರಡನೆಯದಾಗಿ, ಅದೇ ದಿನ ತೊಟ್ಟಿಯ ಅರ್ಧ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ಹಾಕಿ. ಅರ್ಧ ನೀರು ಹೋದರೆ ಅರ್ಧ ವಿಷವೂ ಹೋಯಿತು. ಇದು ಸರಳ ಲೆಕ್ಕ. ಮರುದಿನದಿಂದ ದಿನಕ್ಕೆ ಕಾಲು ಭಾಗದಂತೆ, ಮೀನು ಚೇತರಿಸುವ ತನಕ ಬದಲಿಸುತ್ತಿರಿ. ಹೊಸ ನೀರಿನ ಬಿಸುಪು ಹಳೆಯದರಷ್ಟೇ ಇರಲಿ. ಕೂಸಿಗೆ ಎರೆಯುವ ಮುಂಚೆ ನಮ್ಮ ತಾಯಂದಿರು ಮೊಣಕೈ ಅದ್ದಿ ನೋಡುವಂತೆ ನೀವೂ ನೋಡಿ. ಬಂಗಾರದ ಮೀನು ಚಳಿಯನ್ನು ತಾಳುತ್ತದೆ; ಒಮ್ಮೆಲೇ ಆಗುವ ಏರುಪೇರನ್ನು ತಾಳುವುದಿಲ್ಲ.

ಮೂರನೆಯದಾಗಿ, ನೀರಿಗೆ ಗಾಳಿ ಕೊಡಿ. ಗಾಳಿಯ ಪಂಪು ಹಗಲಿರುಳೂ ನಡೆಯಲಿ. ಮಳೆಗಾಲದಲ್ಲಿ ಜೋಯಿಡಾದ ಕಡೆ ಮರ ಬಿದ್ದು ವಿದ್ಯುತ್ತು ಹೋದಾಗ ಬ್ಯಾಟರಿಯ ಪಂಪು ಇಲ್ಲದಿದ್ದರೆ, ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಹೊಯ್ಯುತ್ತಿದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 20 ಡಿಗ್ರಿ ಉಷ್ಣತೆಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿಯಬಲ್ಲುದು. 30 ಡಿಗ್ರಿಗೆ ಏರಿದರೆ ಏಳೂವರೆ ಮಾತ್ರ.

ನಾಲ್ಕನೆಯದು ಉಪ್ಪು. ಲೀಟರಿಗೆ ಒಂದು ಗ್ರಾಂನಂತೆ ಸಾದಾ ಹರಳುಪ್ಪು ಸಾಕು. ನಮ್ಮ ಜಿಲ್ಲೆಯ ಸಾಣಿಕಟ್ಟೆಯ ಉಪ್ಪಾದರೂ ಆದೀತು. ಅದು ನೈಟ್ರೈಟ್ ಮೀನಿನ ರಕ್ತ ಸೇರುವುದನ್ನು ತಡೆಯುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದು ಸುಮಾರು 45 ಲೀಟರು ನೀರಿರುತ್ತದೆ. ಅದಕ್ಕೆ 45 ಗ್ರಾಂ. ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಆದುದರಿಂದ ತೆಗೆದುಹಾಕಿದ ನೀರಿನಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಹಾಕಬೇಕು.

ಇನ್ನು ಮಾಡಬಾರದ್ದು. ಗಾಬರಿಯಲ್ಲಿ ಎಲ್ಲ ನೀರನ್ನು ಚೆಲ್ಲಿ, ಕಲ್ಲುಗಳನ್ನು ಸಾಬೂನಿನಿಂದ ಉಜ್ಜಿ, ಸ್ಪಂಜನ್ನು ನಳದ ಕೆಳಗೆ ತೊಳೆದರೆ, ಆಗಷ್ಟೇ ನೆಲೆಯೂರುತ್ತಿದ್ದ ಜೀವಾಣುಗಳೂ ಹೋದವು. ಕೆಲಸ ಮತ್ತೆ ಮೊದಲಿನಿಂದ. ಸ್ಪಂಜು ಕೊಳೆಯಾಗಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಮೆಲ್ಲಗೆ ಹಿಂಡಿದರೆ ಸಾಕು. ಹಾಗೆಯೇ ಅಂಗಡಿಯ ನೀಲಿ ಮದ್ದನ್ನು, ಎಂದರೆ ಮೆಥಿಲೀನ್ ಬ್ಲೂವನ್ನು, ಕಾರಣ ತಿಳಿಯದೆ ಸುರಿಯಬೇಡಿ. ಅದೂ ಈ ಜೀವಾಣುಗಳಿಗೆ ಕಂಟಕವೇ.

ನೀರಿನ ಮೂಲದ ಬಗ್ಗೆಯೂ ಒಂದು ಮಾತು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ರಕ್ಷಣೆ, ಮೀನಿಗೆ ಉರಿ. ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹರಳನ್ನು ಹೇಳಿದ ಪ್ರಮಾಣದಲ್ಲಿ ಬಳಸಿರಿ. ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಇದೇ. ಬಾವಿಯ ನೀರು ಬಳಸುವವರಿಗೆ ಈ ತೊಂದರೆಯಿಲ್ಲ. ಆದರೆ ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ತೀರ ಮೆದು. ಅದರಲ್ಲಿ ಸುಣ್ಣದ ಅಂಶ ಕಡಿಮೆ. ಅಂಥ ನೀರು ದಿನ ಕಳೆದಂತೆ ಹುಳಿಯ ಗುಣಕ್ಕೆ ತಿರುಗಿ ಜೀವಾಣುಗಳ ಕೆಲಸ ನಿಂತುಹೋಗುತ್ತದೆ. ಕಾರವಾರದ ಕಡಲ ದಂಡೆಯ ಖಾಲಿ ಚಿಪ್ಪುಗಳನ್ನು ಕುದಿಸಿ ತೊಳೆದು, ಮೀನು ಚೇತರಿಸಿಕೊಂಡ ಮೇಲೆ, ಒಂದು ಹಿಡಿಯಷ್ಟನ್ನು ತೊಟ್ಟಿಯಲ್ಲಿಟ್ಟರೆ ಈ ಕೊರತೆ ಮೆಲ್ಲಗೆ ನೀಗುತ್ತದೆ.

ನಿಜವಾದ ರೋಗಗಳೂ ಇಲ್ಲದಿಲ್ಲ. ಮೈ ಮತ್ತು ರೆಕ್ಕೆಗಳ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡರೆ ಅದು ಅಂಟುವ ಪರಾವಲಂಬಿ. ಅದಕ್ಕೆ ಬೇರೆಯೇ ಮದ್ದು ಬೇಕು. ಆದರೆ ಚುಕ್ಕೆಗಳು ಕಿವಿರಿನ ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿದ್ದು ಮೀನು ಚುರುಕಾಗಿದ್ದರೆ ಹೆದರಬೇಡಿ. ಅದು ಪ್ರಾಯಕ್ಕೆ ಬಂದ ಗಂಡು ಮೀನಿನ ಗುರುತು. ಮೀನು ಓರೆಯಾಗಿ ತೇಲುತ್ತಿದ್ದರೆ ಎರಡು ದಿನ ಉಪವಾಸ ಹಾಕಿ, ಬಳಿಕ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯ ಚೂರನ್ನು ಕೊಟ್ಟು ನೋಡಿ. ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತರೆ ಮಾತ್ರ ಬದುಕುವ ಆಸೆ ಕಡಿಮೆ. ಯಾವ ರೋಗವೇ ಇರಲಿ, ನೀರು ಶುದ್ಧವಾಗದ ಹೊರತು ಮದ್ದು ನಾಟುವುದಿಲ್ಲ.

ಮೀನು ಚೇತರಿಸಿದ ಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಕೊಡುವ ಕೆಲಸ ಮನೆಯಲ್ಲಿ ಒಬ್ಬರದೇ ಆಗಿರಲಿ. ಅಜ್ಜಿ ಚುರಮುರಿ, ಅತ್ತೆ ಚಪಾತಿಯ ಚೂರು, ಬಂದ ನೆಂಟರು ಬಿಸ್ಕೀಟು ಹಾಕುತ್ತ ಹೋದರೆ ಪ್ರೀತಿಯೇ ಮೀನಿಗೆ ಮುಳುವಾಗುತ್ತದೆ. ಸೊಳ್ಳೆಗೆ ಹೊಡೆಯುವ ಔಷಧವನ್ನು ಆ ಕೋಣೆಯಲ್ಲಿ ಬಳಸಲೇಬೇಡಿ. ಪಂಪು ಆ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಗುಂಡನೆಯ ಗಾಜಿನ ಬಟ್ಟಲು ನೋಡಲು ಚೆಂದ, ಆದರೆ ಮೀನಿಗೆ ಅದು ಸೆರೆಮನೆ. ಎರಡಡಿ ತೊಟ್ಟಿ ಎಳೆಯ ಮೀನೊಂದಕ್ಕೆ ಆರಂಭಕ್ಕೆ ಸಾಕು. ಗೇಣುದ್ದ ಬೆಳೆಯುವ ಮೀನಿಗೆ ಮುಂದೆ ದೊಡ್ಡದು ಬೇಕೇ ಬೇಕು.

ಮೀನು ಸಾಕಲು ಆಗದೆ ಹೋದಾಗ "ಹೊಳೆಗೆ ಬಿಟ್ಟರೆ ಪುಣ್ಯ" ಎಂದು ಕಾಳಿ ನದಿಗೋ ಊರ ಕೆರೆಗೋ ಬಿಡುವ ವಿಚಾರ ಹಲವರಿಗೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಂಗಾರದ ಮೀನು ಈ ನೀರಿನದಲ್ಲ. ಅದು ತಳದ ಕೆಸರನ್ನು ಕೆದಕಿ ನೀರನ್ನು ಕದಡುತ್ತದೆ; ಬೇರೆ ಮೀನುಗಳ ಮೊಟ್ಟೆಗಳನ್ನು ತಿನ್ನುತ್ತದೆ; ತನ್ನ ರೋಗವನ್ನು ಅಲ್ಲಿಯ ಮೀನುಗಳಿಗೆ ಅಂಟಿಸಬಲ್ಲುದು. ಅನೇಕ ದೇಶಗಳಲ್ಲಿ ಹೀಗೆ ಬಿಟ್ಟ ಮೀನುಗಳು ಕೆರೆ ಹೊಳೆಗಳಲ್ಲಿ ಬೇರೂರಿ ಉಪದ್ರವ ಕೊಡುತ್ತಿವೆ. ಸಹ್ಯಾದ್ರಿಯ ಹೊಳೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಮೀನಿನ ಜಾತಿಗಳಿವೆ. ಅವುಗಳ ಮನೆಗೆ ನಾವು ಹೊಸ ಕಾಟವನ್ನು ಕಳಿಸಬಾರದು. ಬೇಡವಾದ ಮೀನನ್ನು ಸಾಕುವವರಿಗೆ ಒಪ್ಪಿಸಿ. ಸತ್ತ ಮೀನನ್ನು ಹಿತ್ತಲಿನ ಮಣ್ಣಿನಲ್ಲಿ ಹೂಳಿರಿ.

ಒಂದು ವೇಳೆ ನಿಮ್ಮ ಮೀನು ಉಳಿಯದೆ ಹೋದರೆ, ಮರುದಿನವೇ ಇನ್ನೊಂದನ್ನು ತರಲು ಹೊರಡಬೇಡಿ. ತೊಟ್ಟಿಯನ್ನು ಬರಿದು ಮಾಡಬೇಡಿ. ಸೋಸುಯಂತ್ರ ಓಡುತ್ತಿರಲಿ, ಎರಡು ದಿನಕ್ಕೊಮ್ಮೆ ಮೀನಿನ ಆಹಾರದ ಒಂದು ಚಿಟಿಕೆ ನೀರಿಗೆ ಬೀಳಲಿ. ಅದು ಕೊಳೆತು ಜೀವಾಣುಗಳಿಗೆ ಉಣಿಸಾಗುತ್ತದೆ. ಅಮೋನಿಯಾ, ನೈಟ್ರೈಟುಗಳನ್ನು ಪರೀಕ್ಷಿಸುವ ಹನಿಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡೂ ಸೊನ್ನೆಗೆ ಇಳಿದ ದಿನ ನೀರು ಸಿದ್ಧವಾಯಿತೆಂದು ತಿಳಿಯಿರಿ. ಆ ಹನಿ ಹಾಕಿ ಬಣ್ಣ ನೋಡುವ ಕೆಲಸವನ್ನು, ಬರೆದಿಡುವ ಕೆಲಸವನ್ನು ಮಕ್ಕಳ ಕೈಗೇ ಕೊಡಿ. ನೀರು ಹದಗೊಂಡ ಬಳಿಕ, ಒಂದೇ ಒಂದು ಮೀನನ್ನು ತನ್ನಿ.