ಕೈಗೆ ಬಂದ ಎಲೆ

ಇಸ್ಪೀಟು ಎಂಬ ಮಾತು ನಮ್ಮಲ್ಲಿ ಇಂದಿಗೂ ಪೂರ್ತಿ ಮರ್ಯಾದೆ ಗಳಿಸಿಲ್ಲ. ಚದುರಂಗ ಆಡುವವನನ್ನು ಬುದ್ಧಿವಂತನೆನ್ನುತ್ತೇವೆ. ಎಲೆ ಹಿಡಿದು ಕುಳಿತವನನ್ನು ಕಂಡರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಈ ಭೇದಕ್ಕೆ ಕಾರಣವಿಲ್ಲದೆ ಇಲ್ಲ. ಚದುರಂಗದ ಮಣೆಯ ಮೇಲೆ ಎಲ್ಲವೂ ಬಯಲು. ಇಬ್ಬರಿಗೂ ಸಮಾನ ಸೈನ್ಯ. ಎಲೆಯಾಟದಲ್ಲಿ ಅದೃಷ್ಟಕ್ಕೂ ಒಂದು ಪಾಲಿದೆ. ಅದೃಷ್ಟವಿದ್ದ ಕಡೆ ಹಣ ಕಟ್ಟುವ ಆಸೆ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಆದರೂ ಮೈಸೂರು ಸೀಮೆಯವರಾದ ನಾವು ಎಲೆಯಾಟವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫಾ ಆಟಗಳ ವಿವರಣೆಯಿದೆ. ದಶಾವತಾರ ಗಂಜೀಫಾದಲ್ಲಿ ಅವತಾರವೊಂದಕ್ಕೆ 12ರಂತೆ 120 ದುಂಡನೆಯ ಎಲೆಗಳು. ಅರಮನೆಯ ಮಾತು ಹಾಗಿರಲಿ, ನ್ಯಾಯಾಲಯದ ಮಾತನ್ನೇ ನೋಡೋಣ. 1968ರಲ್ಲಿ ನಮ್ಮ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬುದರಲ್ಲಿ ಜಾಣತನ ಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ.

ನಮ್ಮ ಮನೆಯಲ್ಲಿ ಮಾತ್ರ ಈ ತೀರ್ಪು ಜಾರಿಗೆ ಬರಲಿಲ್ಲ. ನಮ್ಮ ತಾತ ಎಲೆಯ ಮೇಲೆ ಎರಡು ಎಕರೆ ಗದ್ದೆ ಕಳೆದಿದ್ದರು. ಆ ಗದ್ದೆಯ ಬದಲು ಅದರ ಕಥೆಯೇ ನಮ್ಮ ತಂದೆಯವರಿಗೆ ಪಿತ್ರಾರ್ಜಿತವಾಗಿ ಬಂತು. ಅವರು ಅದನ್ನು ಎಚ್ಚರಿಕೆಯ ರೂಪದಲ್ಲಿ ಮಕ್ಕಳಿಗೆ ಸಮನಾಗಿ ಹಂಚಿದರು. ಹೀಗೆ ಬೆಳೆದ ನಾನು ನಲವತ್ತು ದಾಟಿದ ಮೇಲೆ, ಅದೂ ಜೂಜಿನ ರಾಜಧಾನಿಯೆನಿಸಿದ ಲಾಸ್ ವೇಗಾಸ್ ನಗರದಲ್ಲಿ, ಸಾವಿರಾರು ಜನರ ನಡುವೆ ಎಲೆ ಹಿಡಿದು ಕುಳಿತೆ. ಅದು 2015ರ ಮೇ ತಿಂಗಳ ಕೊನೆ. ಉದ್ಯೋಗ ನಿಮಿತ್ತ ಆಗ ನಾನು ಕ್ಯಾಲಿಫೋರ್ನಿಯಾದಲ್ಲಿದ್ದೆ.

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ಇದನ್ನು ರೂಪಿಸಿದರು. 1993ರಲ್ಲಿ ಇದು ಅಂಗಡಿಗೆ ಬಂತು. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ 52 ಎಲೆಗಳು. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಎಲೆಗಳಿವೆ. ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಆಯ್ದು ಜೋಡಿಸಿಕೊಳ್ಳಬೇಕು. ಕೆಲವು ಎಲೆಗಳು ಭೂಮಿ, ಕೆಲವು ಜೀವಿಗಳು, ಕೆಲವು ಮಂತ್ರಗಳು. ಭೂಮಿಯಿಂದ ಶಕ್ತಿ ಬರುತ್ತದೆ. ಆ ಶಕ್ತಿಯಿಂದ ಜೀವಿಗಳನ್ನು ಕರೆಯಬೇಕು, ಮಂತ್ರ ಹಾಕಬೇಕು. ಆಟಗಾರನ ಪ್ರಾಣ ಇಪ್ಪತ್ತು ಅಂಕ. ಅದು ಸೊನ್ನೆಗೆ ಇಳಿದರೆ ಸೋಲು.

ಆ ವಾರಾಂತ್ಯದ ಗ್ರಾಂಡ್ ಪ್ರಿ ಪಂದ್ಯಕ್ಕೆ ಸೇರಿದ್ದವರು 7,500ಕ್ಕೂ ಹೆಚ್ಚು ಮಂದಿ. ಸಂಖ್ಯೆ ಕೈಮೀರಿದ್ದರಿಂದ ಅದನ್ನು ಎರಡು ಸ್ಪರ್ಧೆಗಳಾಗಿ ಒಡೆದಿದ್ದರು. ಜಾತ್ರೆಯ ಜನ, ಪರೀಕ್ಷಾ ಕೊಠಡಿಯ ಮೌನ, ಇವೆರಡನ್ನೂ ಒಂದೇ ಕಡೆ ಕಲ್ಪಿಸಿಕೊಂಡರೆ ಆ ಸಭಾಂಗಣದ ಚಿತ್ರ ಸಿಕ್ಕೀತು. ಸಾಲುಸಾಲು ಮೇಜುಗಳು, ಮೇಜಿಗೊಂದು ಸಂಖ್ಯೆ. ಪಕ್ಕದವರ ಮೊಣಕೈ ತಾಗುವಷ್ಟು ಇಕ್ಕಟ್ಟು. ಸಾವಿರಾರು ಕೈಗಳು ಏಕಕಾಲಕ್ಕೆ ಎಲೆ ಕಲಸಿದಾಗ ಹೆಂಚಿನ ಮೇಲೆ ಮಳೆ ಸುರಿದಂಥ ಸದ್ದು.

ಮೊದಲು ಒಬ್ಬೊಬ್ಬನ ಪಾಲಿಗೂ ಆರು ಮುಚ್ಚಿದ ಪೊಟ್ಟಣ. ಪೊಟ್ಟಣಕ್ಕೆ 15ರಂತೆ 90 ಎಲೆ. ಇವುಗಳಲ್ಲಿ ಇಪ್ಪತ್ತಮೂರನ್ನು ಆಯ್ದು, ಹದಿನೇಳು ಭೂಮಿಯನ್ನು ಸೇರಿಸಿ, ನಲವತ್ತರ ಕಟ್ಟು ಕಟ್ಟುವುದು ವಾಡಿಕೆ. ಬಿಟ್ಟ ಎಲೆಗಳೇ ಹೆಚ್ಚು ಎಂಬುದನ್ನು ಗಮನಿಸಬೇಕು. ಚೆಲುವಾದ ಎಲೆ, ಬಲವಾದ ಎಲೆ, ಉಳಿದವುಗಳೊಡನೆ ಹೊಂದದಿದ್ದರೆ ಅದನ್ನು ಬಿಡಬೇಕು. ಬಂದದ್ದು ಅದೃಷ್ಟ, ಬಿಟ್ಟದ್ದು ವಿವೇಕ. ಅರ್ಧ ಆಟ ಅಲ್ಲಿಯೇ ಮುಗಿದಿರುತ್ತದೆ.

ಉಳಿದರ್ಧದಲ್ಲಿ ಅದೃಷ್ಟ ಮತ್ತೆ ತಲೆಹಾಕುತ್ತದೆ. ಆರಂಭಕ್ಕೆ ಏಳು ಎಲೆ ಎತ್ತಿಕೊಳ್ಳಬೇಕು. ನಲವತ್ತರಲ್ಲಿ ಹದಿನೇಳು ಭೂಮಿಯಿದ್ದರೂ, ಸುಮಾರು ಹತ್ತು ಬಾರಿಗೆ ಒಂದು ಬಾರಿ ಆ ಏಳರಲ್ಲಿ ಒಂದೇ ಭೂಮಿ ಇರುತ್ತದೆ, ಇಲ್ಲವೇ ಒಂದೂ ಇರುವುದಿಲ್ಲ. ಇದು ಶಾಪವಲ್ಲ, ಬರೀ ಲೆಕ್ಕ. ಬೇಡವೆನಿಸಿದರೆ ಕಟ್ಟಿಗೆ ಹಿಂತಿರುಗಿಸಿ ಮತ್ತೆ ಕಲಸಬಹುದು. ಆದರೆ ಅಂದಿನ ನಿಯಮದಂತೆ ಮತ್ತೆ ಎತ್ತಿಕೊಳ್ಳಲು ಸಿಗುತ್ತಿದ್ದುದು ಆರೇ ಎಲೆ.

ಪ್ರತಿ ಸುತ್ತಿಗೆ 50 ನಿಮಿಷ. ಮೂರು ಆಟಗಳಲ್ಲಿ ಎರಡನ್ನು ಗೆದ್ದವನಿಗೆ ಮೂರು ಅಂಕ. ಸೋತವನನ್ನು ಮನೆಗೆ ಕಳುಹಿಸುವ ಪದ್ಧತಿಯಿದ್ದಿದ್ದರೆ ಮೊದಲ ಸುತ್ತಿಗೇ ಅರ್ಧ ಸಭಾಂಗಣ ಬರಿದಾಗುತ್ತಿತ್ತು. ಇಲ್ಲಿ ನಡೆಯುವುದು ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನ ಚದುರಂಗ ಪಂದ್ಯದಲ್ಲಿ ಬಳಕೆಗೆ ಬಂದದ್ದು. ಗೆದ್ದವನಿಗೆ ಗೆದ್ದವನೇ ಎದುರಾಳಿ, ಸೋತವನಿಗೆ ಸೋತವನು. ಸುತ್ತು ಕಳೆದಂತೆ ಪ್ರತಿಯೊಬ್ಬನೂ ತನ್ನ ಸಮಾನನ ಎದುರಿಗೆ ಬಂದು ನಿಲ್ಲುತ್ತಾನೆ. ಒಂದು ಸುತ್ತಿನಲ್ಲಿ ಅದೃಷ್ಟ ದೊರೆ. ಎಂಟೊಂಬತ್ತು ಸುತ್ತು ಕಳೆಯುವಷ್ಟರಲ್ಲಿ ಅದರ ದರ್ಬಾರು ಸಣ್ಣದಾಗುತ್ತದೆ.

ಆ ದಿನದ ಎರಡು ಸುತ್ತುಗಳು ನನಗೆ ಮರೆಯುವಂಥವಲ್ಲ. ಮೊದಲನೆಯದರಲ್ಲಿ ಎದುರಿಗಿದ್ದವನು ಹದಿಮೂರು ಹದಿನಾಲ್ಕರ ಹುಡುಗ. ನನಗಿಂತ ಚುರುಕು, ಎಲೆ ಕಲಸುವ ಅವನ ಬೆರಳುಗಳನ್ನು ನೋಡಿಯೇ ನನಗೆ ಅಳುಕಾಯಿತು. ಆದರೆ ಎರಡು ಆಟಗಳಲ್ಲೂ ಅವನಿಗೆ ಭೂಮಿ ಒದಗಲಿಲ್ಲ. ಕೈತುಂಬ ಮಂತ್ರಗಳಿದ್ದೂ ಒಂದನ್ನೂ ಹಾಕಲಾರದೆ ಅವನು ಸೋತ. ಅವನು ಎದ್ದುನಿಂತು ಕೈಕುಲುಕಿದಾಗ, ಗೆದ್ದವನು ನಾನೆಂದು ಹೇಳಿಕೊಳ್ಳಲು ನನಗೆ ಸಂಕೋಚವಾಯಿತು.

ಇನ್ನೊಂದು ಸುತ್ತಿನಲ್ಲಿ ಎದುರಾಳಿ ನನ್ನದೇ ವಯಸ್ಸಿನವರು. ತಲಾ ಒಂದು ಆಟ ಗೆದ್ದು ಸಮವಾಗಿದ್ದೆವು. ಮೂರನೆಯದರಲ್ಲಿ ಅವರ ಪ್ರಾಣ ಮೂರಕ್ಕೆ ಇಳಿದಿತ್ತು. ಎಲ್ಲ ಜೀವಿಗಳನ್ನೂ ಮುಂದಕ್ಕೆ ನುಗ್ಗಿಸುವುದೋ, ಕೆಲವನ್ನು ಕಾವಲಿಗೆ ಉಳಿಸಿಕೊಳ್ಳುವುದೋ? ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಕಾದಷ್ಟೂ ಅವರಿಗೇ ಲಾಭವೆಂದು ತೋರಿತು; ನುಗ್ಗಿದೆ. ಅವರು ಒಂದು ಅಂಕದಲ್ಲಿ ಬದುಕಿಕೊಂಡು, ಮರುಸರದಿಯಲ್ಲಿ ಒಂದು ಎಲೆ ಎತ್ತಿ, ಬಯಲಾಗಿ ನಿಂತಿದ್ದ ನನ್ನನ್ನು ಮುಗಿಸಿದರು. ಫಲಿತಾಂಶದ ಚೀಟಿಗೆ ಇಬ್ಬರೂ ಸಹಿ ಹಾಕಿದ ಮೇಲೆ ತಮ್ಮ ಕಟ್ಟಿನಲ್ಲಿ ಉಳಿದಿದ್ದ ಎಲೆಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದರು. ಅವರನ್ನು ಉಳಿಸಬಲ್ಲ ಎಲೆ, ಎತ್ತಿದ್ದೂ ಸೇರಿ, ಇಪ್ಪತ್ತರಲ್ಲಿ ಎರಡೇ. “ನೀವು ಆಡಿದ್ದೇ ಸರಿ. ನಾನಾಗಿದ್ದರೂ ನುಗ್ಗುತ್ತಿದ್ದೆ,” ಎಂದರು.

ನಲವತ್ತು ವರ್ಷ ಪರೀಕ್ಷೆ, ಉದ್ಯೋಗ, ಸಂಬಳಗಳ ಜಗತ್ತಿನಲ್ಲಿ ಬದುಕಿದ ನನಗೆ, ಸರಿಯಾಗಿ ನಡೆದುಕೊಂಡೂ ಸೋಲಬಹುದು, ಏನೂ ಮಾಡದೆಯೂ ಗೆಲ್ಲಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹರಡಿ ತೋರಿಸಿರಲಿಲ್ಲ. ಫಲವೊಂದನ್ನೇ ನೋಡಿ ಮನುಷ್ಯನನ್ನು ಅಳೆಯುವುದು ನಮ್ಮ ಅಭ್ಯಾಸ. ನಿರ್ಧಾರದ ಗುಣ ಬೇರೆ, ಫಲದ ಗುಣ ಬೇರೆ. ಎಂಟು ಸುತ್ತು ಮುಗಿದಾಗ ನನ್ನದು ನಾಲ್ಕು ಗೆಲುವು, ನಾಲ್ಕು ಸೋಲು. ಮರುದಿನದ ಆಟಕ್ಕೆ ಅರ್ಹತೆಯ ಆಸೆ ಅಷ್ಟರಲ್ಲಾಗಲೇ ಅಳಿದಿತ್ತು. ಎದ್ದುಹೋಗಲು ಅಡ್ಡಿಯಿರಲಿಲ್ಲ. ನಾನು ಹೋಗಲಿಲ್ಲ, ನನ್ನಂತೆ ಇನ್ನೂ ಎಷ್ಟೋ ಮಂದಿ ಹೋಗಲಿಲ್ಲ. ಕೊನೆಯ ಸುತ್ತಿನಲ್ಲೂ ಆ ಮೇಜುಗಳಲ್ಲಿ ಅದೇ ಶ್ರದ್ಧೆ, ಅದೇ ಲೆಕ್ಕಾಚಾರ ನಡೆದಿತ್ತು.

ಈ ಲೋಕದಲ್ಲಿ ಹಣದ ನೆರಳೇ ಇಲ್ಲವೆಂದರೆ ಸುಳ್ಳಾದೀತು. ಮುಚ್ಚಿದ ಪೊಟ್ಟಣ ಒಡೆಯುವುದರಲ್ಲೇ ಲಾಟರಿಯ ತುರಿಕೆಯಿದೆ. ಅದೇ ಪಂದ್ಯದ ಕೊನೆಯ ಎಂಟು ಮಂದಿಯಲ್ಲಿ ಒಬ್ಬರಾದ ಕೆನಡಾದ ಪಾಸ್ಕಲ್ ಮೇನಾರ್ಡ್, ಎಲೆಗಳನ್ನು ಒಂದೊಂದಾಗಿ ಆಯ್ದು ಪಕ್ಕದವರಿಗೆ ದಾಟಿಸುವ ಹಂತದಲ್ಲಿ, ತಮ್ಮ ಕಟ್ಟಿಗೆ ಹೆಚ್ಚು ಒದಗುತ್ತಿದ್ದ ಎಲೆಯನ್ನು ಬಿಟ್ಟು ಪೇಟೆಯಲ್ಲಿ ಬೆಲೆಯುಳ್ಳ ‘ಟಾರ್ಮೊಗಾಯ್ಫ್’ ಎಂಬ ಹೊಳೆಯುವ ಎಲೆಯನ್ನು ತೆಗೆದುಕೊಂಡರು. ಸಹ ಆಟಗಾರರು ಕೆರಳಿದರು. ಮುಂದೆ ಅದು ಹರಾಜಿನಲ್ಲಿ 14,000 ಡಾಲರಿಗೂ ಮೀರಿ ಹೋಯಿತು. ಅರ್ಧವನ್ನು ಅವರು ದಾನಕ್ಕೆ ಮೀಸಲಿಟ್ಟರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಒಂದೇ ಎಲೆಗೆ ಆಟದಲ್ಲೊಂದು ಬೆಲೆ, ಅಂಗಡಿಯಲ್ಲೊಂದು ಬೆಲೆ ಇರುವುದರಿಂದ ಆಟಗಾರನ ಮನಸ್ಸು ಹೇಗೆ ಎರಡಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಊರಿಗೆ ಫೋನು ಮಾಡಿ ವಿಷಯ ತಿಳಿಸಿದಾಗ ತಂದೆಯವರು ಗೆದ್ದೆಯೋ ಸೋತೆಯೋ ಎಂದು ಕೇಳಲಿಲ್ಲ. “ಎಷ್ಟು ಕಟ್ಟಿದ್ದೆಯಪ್ಪ?” ಎಂದರು. ಪ್ರವೇಶಶುಲ್ಕ ಮಾತ್ರ, ಅದೂ ಮೊದಲೇ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದು ಬೇರೆ ಆಟ,” ಎಂದರು. ಸುಪ್ರೀಂ ಕೋರ್ಟಿನ ತೀರ್ಪಿಗಿಂತ ಈ ತೀರ್ಪು ನನಗೆ ದೊಡ್ಡದು. ಜೂಜುಗಾರ ಕಳೆದದ್ದನ್ನು ಮರಳಿ ಪಡೆಯಲು ಮುಂದಿನ ಎಲೆ ಎತ್ತುತ್ತಾನೆ. ಆಟಗಾರ ಕಳೆದದ್ದನ್ನು ಅಲ್ಲಿಗೇ ಬಿಟ್ಟು, ಹೊಸದಾಗಿ ಕಲಸಿ ಕೂರುತ್ತಾನೆ. ಎರಡು ಎಕರೆ ಗದ್ದೆ ಹೋದದ್ದು ಎಲೆಯಿಂದಲ್ಲ, ಈ ಅಂತರದಿಂದ.

ಆದ್ದರಿಂದ ನಿಮ್ಮ ಮನೆಯ ಮಕ್ಕಳು ಬಣ್ಣಬಣ್ಣದ ಎಲೆಗಳನ್ನು ಹರಡಿಕೊಂಡು ಕುಳಿತಿದ್ದರೆ, ಗದರಿಸುವ ಮುನ್ನ ನಮ್ಮ ತಂದೆಯವರ ಪ್ರಶ್ನೆಯನ್ನೇ ಕೇಳಿ: ಎಷ್ಟು ಕಟ್ಟಿದ್ದೀರಿ? ಏನೂ ಇಲ್ಲವೆಂದು ಉತ್ತರ ಬಂದರೆ, ಎದುರಿಗೆ ಕುಳಿತು, ನಿಮಗೂ ಏಳು ಎಲೆ ಕೊಡಲು ಹೇಳಿ.